ಮೇಷ್ಟ್ರ ಮನೆಯ ಈಥರ್

ಹುಣಸೂರಿನ ಮರದ ಡಿಪೋ ಹಿಂದಿನ ಓಣಿಯಲ್ಲಿದ್ದ ಫಕ್ರುದ್ದೀನ್ ಮೇಷ್ಟ್ರು ಎರಡನೆಯ ಮದುವೆ ಮಾಡಿಕೊಂಡ ಸುದ್ದಿ ಮೊದಲು ಓಣಿಗೆ ತಿಳಿಯಿತು, ಆಮೇಲೆ ಊರಿಗೆ ತಿಳಿಯಿತು, ಅಲ್ಲಿಂದ ಮೋಟಾರು ಹತ್ತಿ ಪಿರಿಯಾಪಟ್ಟಣಕ್ಕೂ ಹೋಯಿತು. ಎಲ್ಲರಿಗಿಂತ ಕಡೆಗೆ ತಿಳಿದದ್ದು ಮೇಷ್ಟ್ರಿಗೆ. ಅಷ್ಟು ಹೊತ್ತಿಗೆ ಅದನ್ನು ಇಲ್ಲವೆನ್ನುವ ಅಧಿಕಾರ ಅವರ ಕೈಯಲ್ಲಿ ಉಳಿದಿರಲಿಲ್ಲ.

ಇದು ಸಾವಿರದ ಒಂಬೈನೂರ ಮೂವತ್ತೊಂದರ ಬೇಸಿಗೆಯ ಮಾತು. ಮೇಷ್ಟ್ರಿಗೆ ಆಗ ನಲವತ್ತೈದು ದಾಟಿತ್ತು. ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕ ಮತ್ತು ವಿಜ್ಞಾನ ಹೇಳಿಕೊಡುತ್ತಿದ್ದರು. ಹೆಂಡತಿ ಅಜೀಜುನ್ನೀಸಾ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಪಿರಿಯಾಪಟ್ಟಣದಲ್ಲಿದ್ದ ಅಕ್ಕ ಗುಲ್ಜಾರ್ ಬೀ, ತಮ್ಮ ಒಂಟಿಯಾದನಲ್ಲ ಎಂದು ಒಂದು ಹೆಣ್ಣು ನೋಡಿ, ಮಾತುಕತೆ ಮುಗಿಸಿ, ತಮ್ಮನನ್ನು ಕರೆಸಿದ್ದಳು. ತಮ್ಮ ಹೋಗಿ, ಹೆಣ್ಣಿನವರ ಮನೆಯಲ್ಲಿ ಹೊಟ್ಟೆ ತುಂಬ ಬಿರಿಯಾನಿ ಉಂಡು, ಕೈ ತೊಳೆದುಕೊಂಡು ಬಂದು, ಮದುವೆ ಬೇಡ ಅಂದಿದ್ದರು. ಊಟಕ್ಕೆ ಮೊದಲೇ ಬೇಡ ಅಂದಿದ್ದರೆ ಅಕ್ಕ ಕ್ಷಮಿಸುತ್ತಿದ್ದಳೇನೋ. ಅಂದಿನಿಂದ ಅಕ್ಕತಮ್ಮಂದಿರ ನಡುವೆ ಮಾತು ನಿಂತುಹೋಗಿತ್ತು.

ಹೀಗಾಗಿ ಮೇಷ್ಟ್ರ ಮನೆಗೆ ಬರುವವರು ಯಾರೂ ಇರಲಿಲ್ಲ. ಹಾಲಿನವನು ಹೊಸ್ತಿಲಲ್ಲೇ ಹಾಲು ಹೊಯ್ದು ಹೋಗುತ್ತಿದ್ದ. ಹಬ್ಬದ ದಿನ ಮಸೀದಿಯಲ್ಲಿ ಎಲ್ಲರೂ ಅಪ್ಪಿಕೊಳ್ಳುತ್ತಿದ್ದರು. ಹೊರಗೆ ಬಂದ ಮೇಲೆ ಅವರವರ ಮನೆಗೆ ಹೋಗುತ್ತಿದ್ದರು. ಮೇಷ್ಟ್ರು ಒಳ್ಳೆಯವರಲ್ಲವೆಂದಲ್ಲ. ದಾರಿಯಲ್ಲಿ ಸಿಕ್ಕ ಯಾರಾದರೂ ಉಪಚಾರಕ್ಕೆ, "ಏನ್ ಮೇಷ್ಟ್ರೇ, ಬಿಸಿಲು ಜಾಸ್ತಿ" ಅಂದರೆ, ಬಿಸಿಲು ಯಾಕೆ ಜಾಸ್ತಿ ಎಂಬುದನ್ನು ಅವರು ಭೂಮಿ ಹುಟ್ಟಿದ ಕಾಲದಿಂದ ಹಿಡಿದುಕೊಂಡು ಬರುತ್ತಿದ್ದರು. ಒಮ್ಮೆ ಕೇಳಿಸಿಕೊಂಡವರು ಮುಂದಿನ ಬೇಸಿಗೆಯಲ್ಲಿ ಬೇರೆ ದಾರಿ ಹಿಡಿಯುತ್ತಿದ್ದರು.

ಆ ವರ್ಷ ರಜೆಯಲ್ಲಿ ವಿಜ್ಞಾನದ ಮೇಷ್ಟ್ರುಗಳಿಗೆಂದು ಮೈಸೂರಿನಲ್ಲಿ ತರಬೇತಿ ನಡೆಯಿತು. ಅಲ್ಲಿ ಮಹದೇವಯ್ಯ ಎಂಬ ಕಾಲೇಜು ಲೆಕ್ಚರರು ಒಂದು ಭಾಷಣ ಮಾಡಿದರು. ಕಲ್ಕತ್ತೆಯಲ್ಲಿ ಆಗಷ್ಟೇ ಕಂಡುಹಿಡಿದಿದ್ದ ಹೊಸ ಬೆಳಕಿನ ವಿಷಯ.

"ತಿಳಿಯಾದ ದ್ರವದೊಳಕ್ಕೆ ಒಂದೇ ಬಣ್ಣದ ಬೆಳಕು ಬಿಡಿ," ಎಂದರು ಮಹದೇವಯ್ಯ. "ಚೆದುರಿ ಬರುವ ಬೆಳಕೆಲ್ಲ ಹೆಚ್ಚುಕಡಿಮೆ ಅದೇ ಬಣ್ಣದ್ದು. ಆದರೆ ಎಲ್ಲೋ ಒಂದು ಚೂರು ಬಣ್ಣ ಬದಲಾಯಿಸಿಕೊಂಡು ಬರುತ್ತದೆ. ಯಾಕೆ? ಒಳಗಿನ ಅಣುಗಳು ಸುಮ್ಮನೆ ಕೂತಿರುವುದಿಲ್ಲ, ನಡುಗುತ್ತಿರುತ್ತವೆ. ಆ ನಡುಕಕ್ಕೆ ತನ್ನ ಶಕ್ತಿಯಲ್ಲಿ ಒಂದಿಷ್ಟು ಬಿಟ್ಟುಕೊಟ್ಟು ಬಂದ ಬೆಳಕು ಅದು. ಎಷ್ಟು ಬಿಟ್ಟುಕೊಟ್ಟಿತು ಅಂತ ಅಳೆದರೆ, ಅಣು ಹೇಗೆ ನಡುಗುತ್ತಿದೆ ಅಂತ ತಿಳಿಯುತ್ತದೆ."

ಅವರು ಸ್ವತಃ ಅಳೆಯುತ್ತಿದ್ದದ್ದು ಈಥರ್ ಎಂಬ ದ್ರವಗಳನ್ನು. ಈಥರಿನ ಅಣುವಿನ ನಡುವೆ ಒಂದು ಆಮ್ಲಜನಕ, ಅದರ ಎಡಕ್ಕೊಂದು ಬಲಕ್ಕೊಂದು ಇಂಗಾಲದ ತೋಳು. ಅಡ್ಡೆ ಹೊತ್ತು ನಡೆಯುವವನ ಎರಡು ಬುಟ್ಟಿಗಳ ಹಾಗೆ ಆ ತೋಳುಗಳು ಒಮ್ಮೆ ಜೊತೆಯಾಗಿ ತೂಗುತ್ತವೆ, ಒಮ್ಮೆ ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ತೋಳು ಗಿಡ್ಡವಾದರೆ ಒಂದು ಬಗೆ, ಉದ್ದವಾದರೆ ಇನ್ನೊಂದು ಬಗೆ.

ಮಿಕ್ಕ ಮೇಷ್ಟ್ರುಗಳು ಊಟದ ಹೊತ್ತಾಯಿತೆಂದು ಎದ್ದರು. ಫಕ್ರುದ್ದೀನ್ ಮಾತ್ರ ಏಳಲಿಲ್ಲ. ಕೇಳುವವರು ಸಿಕ್ಕ ಸಂತೋಷಕ್ಕೆ ಮಹದೇವಯ್ಯನವರು ಒಂದು ಸೀಸೆ ಈಥರ್, ಒಂದು ನೇರಳೆ ಗಾಜು, ಒಂದು ಹಳದಿ ಗಾಜು ಕೊಟ್ಟರು.

"ಕತ್ತಲೆ ಕೋಣೆ ಮಾಡಿ, ಕಿಟಕಿಯ ಸಂದಿಯಲ್ಲಿ ಬಿಸಿಲು ಬಿಡಿ. ನೇರಳೆ ಗಾಜು ದಾಟಿದ ಬಿಸಿಲು ಈಥರಿನೊಳಕ್ಕೆ ಹೋಗಲಿ. ಪಕ್ಕದಿಂದ ಹಳದಿ ಗಾಜು ಹಿಡಿದು ನೋಡಿ. ನೇರಳೆ ಬೆಳಕು ಹಳದಿ ಗಾಜು ದಾಟಲಾರದು. ಹಾಗಿದ್ದರೂ ಮಂಕಾದ ಹಸಿರು ಗೆರೆಯೊಂದು ಕಂಡರೆ, ಅದೇ ಅಣು ನಡುಗಿದ ಗುರುತು. ನಿಮ್ಮ ಸ್ಕೂಲಿನ ಮಕ್ಕಳಿಗೂ ತೋರಿಸಿ. ಆದರೆ ಜೋಪಾನ, ಈಥರು ಮೈಶಾಖಕ್ಕೇ ಕುದಿಯುತ್ತದೆ. ಅದರ ಹತ್ತಿರ ಬೆಂಕಿ ಸುಳಿಯಬಾರದು."

ಮಕ್ಕಳಿಗೆ ತೋರಿಸಿ, ಇಷ್ಟೇ ಅವರು ಹೇಳಿದ್ದು. ಮೋಟಾರು ಬಿಳಿಕೆರೆ ತಲುಪುವ ಹೊತ್ತಿಗೆ ಆ ಮಾತು ಮೇಷ್ಟ್ರ ಮನಸ್ಸಿನಲ್ಲಿ, "ನೋಡಿ ನಮಗೂ ತಿಳಿಸಿ" ಎಂದಾಗಿತ್ತು. ಹುಣಸೂರು ಬಂದಾಗ, ಮೈಸೂರಿನವರು ತಮ್ಮ ಸಂಶೋಧನೆಯ ಮುಖ್ಯಭಾಗವನ್ನು ಹುಣಸೂರಿಗೆ ವಹಿಸಿದ್ದರು.

ಸೀಸೆಯನ್ನು ಮಡಕೆಯಲ್ಲಿಟ್ಟು, ಮಡಕೆಗೆ ಒದ್ದೆ ಬಟ್ಟೆ ಸುತ್ತಿ, ಎದೆಗವಚಿಕೊಂಡು ಮೇಷ್ಟ್ರು ಮೋಟಾರು ಇಳಿದರು. ಯಾರಾದರೂ ಕೇಳಿದರೆ ಹೇಳಬೇಕೆಂದು ಒಂದು ಸಣ್ಣ ಭಾಷಣವೂ ಸಿದ್ಧವಾಗಿತ್ತು. ಸ್ಟಾಂಡಿನಲ್ಲಿ ಸ್ವಲ್ಪ ಹೊತ್ತು ನಿಂತರು. ಯಾರೂ ಕೇಳಲಿಲ್ಲ. ಬಜಾರಿನ ಬೀದಿಯಲ್ಲಿ ಬೇಕೆಂದೇ ನಿಧಾನವಾಗಿ ನಡೆದರು. ಮುಸ್ಸಂಜೆಯಲ್ಲಿ ಮಡಕೆ ಹೊತ್ತವನನ್ನು ನಿಲ್ಲಿಸಿ ಮಾತಾಡಿಸುವ ಅಗತ್ಯ ಯಾರಿಗೂ ಕಾಣಲಿಲ್ಲ. ಮನೆಗೆ ಬಂದು, ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ, ಒಲೆಯ ಬೂದಿಯ ಮೇಲೆ ನೀರು ಸುರಿದು, ಒಬ್ಬರೇ ಮಲಗಿದರು.

ಕೇಳಿದವಳು ಮಾರನೆಯ ಬೆಳಗ್ಗೆ ಪಕ್ಕದ ಮನೆಯ ಚಿಕ್ಕಸಿದ್ದಮ್ಮ. ಮಗ ಅಂಕಯ್ಯ ಕಾಕನಕೋಟೆ ಕಾಡಿನಿಂದ ಡಿಪೋಗೆ ಮರ ಸಾಗಿಸುವ ಗಾಡಿ ಹೊಡೆಯುತ್ತಿದ್ದ; ಹೋದರೆ ಎಷ್ಟೋ ದಿನ ಬರುತ್ತಿರಲಿಲ್ಲ. ಮುದುಕಿಯ ಎಡಗಿವಿ ಕೇಳುತ್ತಿರಲಿಲ್ಲ. ಬಲಗಿವಿ ತನಗೆ ಇಷ್ಟವಾದದ್ದನ್ನು ಕೇಳುತ್ತಿತ್ತು.

"ಏನ್ ಮೇಷ್ಟ್ರೇ, ಕಿಟ್ಕಿಗೆಲ್ಲ ಕಂಬ್ಳಿ ಕಟ್ಕೊಂಡು ಕುಂತಿದ್ದೀರಿ? ಮೈಸೂರಿಂದ ಏನ್ ತಂದ್ರಿ?"

ಮೇಷ್ಟ್ರ ಮುಖ ಅರಳಿತು. "ಈಥರ್!"

"ಯಾ ತರ?"

"ಈಥರ್."

"ಅದೇ ಕಣ್ರೀ, ಯಾ ತರದ್ದು ಅಂತ ಕೇಳ್ದೆ."

"ಅಮ್ಮಾ, ಅದರ ಹೆಸರೇ ಈಥರ್!" ಮೇಷ್ಟ್ರು ಅಂಗೈಗಳನ್ನು ಬಾಯಿಗೊಡ್ಡಿ ಗೋಡೆಯ ಮೇಲಿಂದ ಕೂಗಿದರು.

ಮುದುಕಿಯ ಕಣ್ಣು ದೊಡ್ಡದಾಯಿತು. "ಅಕ್ತರಾ?"

ಇಂಗ್ಲಿಷ್ ಹೆಸರು ಇಷ್ಟಾದರೂ ಬಾಯಿಗೆ ಬಂತಲ್ಲ, ತಿದ್ದಿ ನೋಯಿಸುವುದೇಕೆ ಎಂದು ಮೇಷ್ಟ್ರು, "ಹ್ಞಾಂ, ಅದೇ" ಎಂದುಬಿಟ್ಟರು. ಮನುಷ್ಯ ಜೀವಮಾನವಿಡೀ ಎಲ್ಲರ ಮಾತನ್ನೂ ತಿದ್ದಿ, ಒಂದೇ ಒಂದು ಸಲ ತಿದ್ದದೆ ಬಿಟ್ಟರೆ ಏನಾಗುತ್ತದೆಂಬುದಕ್ಕೆ ಇದು ಉದಾಹರಣೆ.

"ಅಯ್ಯೋ ನನ್ ಶಿವ್ನೇ! ಯಾವಾಗ ಬಂತು?"

ನಮ್ಮ ಕಡೆ ಹೆಣ್ಣುಮಕ್ಕಳನ್ನು ಅದು, ಇದು, ಬಂತು, ಹೋಯ್ತು ಎನ್ನುವುದೇ ವಾಡಿಕೆ. ಅದರಲ್ಲಿ ಅಗೌರವವಿಲ್ಲ. ಆದರೆ ಅಕ್ತರ್ ಎಂಬ ಹೆಣ್ಣಿಗೂ ಈಥರಿನ ಸೀಸೆಗೂ ವ್ಯಾಕರಣದಲ್ಲಿ ವ್ಯತ್ಯಾಸ ಉಳಿಯುವುದಿಲ್ಲ.

"ನಿನ್ನೆ ಬಂತು ಅಮ್ಮ, ಮೋಟಾರಲ್ಲಿ, ನನ್ನ ಜೊತೇಲೇ. ದಾರಿಯುದ್ದಕ್ಕೂ ಬಟ್ಟೆ ಸುತ್ತಿಯೇ ತಂದೆ. ಬಿಸಿಲು ತಾಗಬಾರದು ನೋಡಿ."

"ಅಷ್ಟು ನಾಜೂಕಾ?"

"ಬಹಳ ನಾಜೂಕು. ಬೆಂಕಿ ಹತ್ತಿರ ಬಿಡೋ ಹಾಗೇ ಇಲ್ಲ."

"ಅಂಗಾರೆ ಒಲೆ ಮುಂದೆ ಕುಂತ್ಕೊಳ್ಳಾಕಿಲ್ಲ ಅನ್ನಿ."

"ಒಲೆ ಹಚ್ಚೋದನ್ನೇ ಬಿಟ್ಟಿದ್ದೀನಿ. ಹೋಟ್ಲಿಂದ ಏನಾದರೂ ತಂದು ತಿಂದರಾಯ್ತು."

ಚಿಕ್ಕಸಿದ್ದಮ್ಮ ಕೆನ್ನೆಯ ಮೇಲೆ ಕೈಯಿಟ್ಟುಕೊಂಡಳು. ಒಲೆ ಮುಟ್ಟದ ಹೆಣ್ಣೆಂದರೆ ನವಾಬರ ಮನೆಯದೇ ಇರಬೇಕು. ಮಧ್ಯಾಹ್ನ ಎರಡು ಮುದ್ದೆ, ಒಂದು ಕುಡಿಕೆ ಉಪ್ಸಾರು, ಹಪ್ಪಳ ಎಲ್ಲ ಮೇಷ್ಟ್ರ ಹೊಸ್ತಿಲಿಗೆ ಬಂದವು. ವಿಜ್ಞಾನಕ್ಕೆ ಹುಣಸೂರಿನಲ್ಲಿ ಇಷ್ಟು ಮರ್ಯಾದೆ ಇದೆಯೆಂದು ಮೇಷ್ಟ್ರಿಗೆ ಗೊತ್ತೇ ಇರಲಿಲ್ಲ. ಎರಡು ಮುದ್ದೆಯನ್ನೂ ಉಂಡರು. ಬಿಸಿಯಾಗಿ ಉಂಡು ಎಷ್ಟು ಕಾಲವಾಗಿತ್ತೋ, ಕಣ್ಣಲ್ಲಿ ನೀರು ಬಂತು. ಸಾರಿನ ಖಾರವಿರಬೇಕೆಂದುಕೊಂಡರು.

ಪ್ರಯೋಗ ಮಾತ್ರ ಸುಲಭವಾಗಿರಲಿಲ್ಲ. ನೇರಳೆ ಗಾಜಿನ ಬಿಸಿಲು ಈಥರಿನೊಳಕ್ಕೆ ಬಿದ್ದೊಡನೆ ಕಂಡದ್ದು ಧೂಳು. ಹಸಿರು ಗೆರೆ ಅಷ್ಟು ಮಂಕಾದದ್ದು, ಧೂಳಿನ ಹೊಳಪಿನಲ್ಲಿ ಅದು ಕಾಣುವುದು ಸಾಧ್ಯವಿಲ್ಲ. ಈಥರನ್ನು ಬಟ್ಟಿ ಇಳಿಸಿ ಶುದ್ಧ ಮಾಡಬೇಕು. ಅದಕ್ಕೆ ಬೆಂಕಿ ಬೇಡ, ಬಿಸಿನೀರಿನ ಬೋಗುಣಿಯಲ್ಲಿ ಇಟ್ಟರೆ ಸಾಕು. ಈಥರು ಆವಿಯಾಗಿ ಗಾಜಿನ ಕೊಳವೆಯಲ್ಲಿ ಹೋಗಿ, ಒದ್ದೆ ಮರಳಿನಲ್ಲಿಟ್ಟ ಇನ್ನೊಂದು ಸೀಸೆಗೆ ಇಳಿಯುತ್ತದೆ. ಮಾರನೆಯ ಬೆಳಗ್ಗೆ ಮೇಷ್ಟ್ರು ಗೋಡೆಯ ಬಳಿ ಹೋಗಿ ಬಿಸಿನೀರು ಕೇಳಿದರು.

"ಮೈ ತೊಳ್ಯಾಕಾ?" ಎಂದಳು ಚಿಕ್ಕಸಿದ್ದಮ್ಮ, ದನಿ ತಗ್ಗಿಸಿ.

"ಹೂಂ ಅಮ್ಮ, ಶುದ್ಧ ಮಾಡಬೇಕು. ಒಂದು ಚೂರು ಧೂಳಿರಬಾರದು. ನೀರು ಉಗುರುಬೆಚ್ಚಗಿದ್ದರೆ ಸಾಕು."

"ನೀವೇ ಮಾಡ್ತೀರಾ?"

"ಇನ್ಯಾರು ಮಾಡ್ತಾರೆ? ಇರೋನು ನಾನೊಬ್ಬನೇ."

ಚಿಕ್ಕಸಿದ್ದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಗಂಡ ಬದುಕಿದ್ದಷ್ಟು ಕಾಲ ಅವಳಿಗೆ ಒಂದು ಲೋಟ ನೀರು ಕಾಯಿಸಿ ಕೊಟ್ಟಿರಲಿಲ್ಲ. ಮಧ್ಯಾಹ್ನದೊಳಗೆ ಓಣಿಯ ಹೆಂಗಸರಿಗೆಲ್ಲ ವಿಷಯ ಗೊತ್ತಾಯಿತು. ಸಂಜೆಯೊಳಗೆ ಅವರ ಗಂಡಂದಿರಿಗೆ ಗೊತ್ತಾಯಿತು. "ಗಂಡ ಅಂದ್ರೆ ಮೇಷ್ಟ್ರಂಗಿರಬೇಕು ಕಣ್ರೀ" ಎಂಬ ಮಾತನ್ನು ಮನೆಮನೆಯಲ್ಲೂ ಕೇಳಿ ಗಂಡಸರು ರೇಗಿಹೋದರು. ಅದುವರೆಗೆ ಮೇಷ್ಟ್ರ ಮೇಲೆ ಯಾರಿಗೂ ದ್ವೇಷವಿರಲಿಲ್ಲ.

ಆಮೇಲೆ ಜನ ಬರತೊಡಗಿದರು. ಒಬ್ಬಳು ಮಲ್ಲಿಗೆ ಮೊಗ್ಗು ಕೊಟ್ಟುಹೋದಳು. ಮೇಷ್ಟ್ರು ಅದನ್ನು ಮೇಜಿನ ಮೇಲೆ ಇಟ್ಟುಕೊಂಡರು. ಇನ್ನೊಬ್ಬಳು ಅರಿಸಿನ ತಂದಳು. ರಾಸಾಯನಿಕವಾಗಿ ಅದರಿಂದ ಏನುಪಯೋಗವೆಂದು ಯೋಚಿಸಿದರು. ಆ ಹಸಿರು ಗೆರೆ ಕಾಣಬೇಕಾದರೆ ಮೊದಲು ಬಹಳ ಹೊತ್ತು ಕತ್ತಲಲ್ಲಿ ಕೂತು ಕಣ್ಣನ್ನು ಕತ್ತಲಿಗೆ ಒಗ್ಗಿಸಬೇಕು. ಮೇಷ್ಟ್ರು ಕೂರುತ್ತಿದ್ದರು. ಕಣ್ಣು ಒಗ್ಗಿ, ಇನ್ನೇನು ಹಳದಿ ಗಾಜು ಎತ್ತಬೇಕು, ಅಷ್ಟರಲ್ಲಿ ಬಾಗಿಲಲ್ಲಿ, "ಮೇಷ್ಟ್ರೇ!" ಬಾಗಿಲು ತೆರೆದರೆ ಇಡೀ ಬೇಸಿಗೆ ಕಣ್ಣಿಗೆ ನುಗ್ಗುತ್ತಿತ್ತು. ಮತ್ತೆ ಮೊದಲಿನಿಂದ ಕತ್ತಲು. ಬೇರೆ ಯಾವ ವಿಜ್ಞಾನಿಯಾದರೂ ಬಾಗಿಲು ತೆರೆಯುವುದನ್ನು ನಿಲ್ಲಿಸುತ್ತಿದ್ದ. ಮೇಷ್ಟ್ರು ಕೂಗು ಕೇಳಿದೊಡನೆ ಕತ್ತಲಲ್ಲಿ ಎಡವುತ್ತ ಓಡುತ್ತಿದ್ದರು, ಬಂದವರು ಎಲ್ಲಿ ಹೋಗಿಬಿಡುತ್ತಾರೋ ಎಂದು.

ಕೊನೆಗೆ ಮಸೀದಿಯ ಹಿರಿಯರಾದ ಮರದ ವ್ಯಾಪಾರಿ ಅಬ್ದುಲ್ ರಹಮಾನ್ ಸಾಹೇಬರೂ ಬಂದರು. ಅವರು ಹೊಸ್ತಿಲು ದಾಟಲಿಲ್ಲ; ಒಳಗೆ ಪರದೆಯ ಹೆಣ್ಣಿರುವಾಗ ದಾಟುವಂತಿಲ್ಲ.

"ಮೇಷ್ಟ್ರೇ, ಜಮಾತಿಗೆ ಒಂದು ಮಾತು ಹೇಳಬೇಕಿತ್ತು."

"ಮುಗಿದ ಮೇಲೆ ಹೇಳೋಣ ಅಂತಿದ್ದೆ ಸಾಹೇಬರೇ."

"ಮುಗಿದ ಮೇಲೆ? ಇಂಥ ಕೆಲಸಕ್ಕೆ ಮೊದಲೇ ಸಾಕ್ಷಿ ಬೇಕಲ್ಲವಾ?"

"ಸಾಕ್ಷಿ ಬೇಕೇ ಬೇಕು! ಮೊದಲು ನಾನು ಚೆನ್ನಾಗಿ ನೋಡ್ತೀನಿ. ಆಮೇಲೆ ನಿಮ್ಮನ್ನೂ, ಸ್ಕೂಲ್ ಮಕ್ಕಳನ್ನೂ ಕರೆದು ತೋರಿಸ್ತೀನಿ."

ಸಾಹೇಬರು ಎರಡು ಕೆನ್ನೆಗೂ ಬಡಿದುಕೊಂಡರು. "ತೋಬಾ, ತೋಬಾ! ಈಗ ಹೇಗಿದೆ ಅದು?"

"ನಡುಗ್ತಾ ಇದೆ."

"ನಡುಗ್ತಾ ಇದೆಯಾ?"

"ಅದರ ಸ್ವಭಾವವೇ ಅದು. ಬೆಳಕು ಬಿಟ್ಟರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ."

"ಎಷ್ಟು ದಿನ ಹೀಗೆ ಕತ್ತಲಲ್ಲಿ ಇಟ್ಟಿರ್ತೀರಿ?"

"ಕೆಲಸ ಆಗೋವರೆಗೆ. ಆಮೇಲೆ ಏನಾದರೂ ಉಳಿದಿದ್ದರೆ ಮೈಸೂರಿಗೆ ವಾಪಸ್ಸು ಕೊಡ್ತೀನಿ," ಎಂದರು ಮೇಷ್ಟ್ರು. ಪ್ರಾಮಾಣಿಕರು.

ಅಬ್ದುಲ್ ರಹಮಾನ್ ಸಾಹೇಬರು ಅಲ್ಲಿಂದ ನೇರವಾಗಿ ಠಾಣೆಗೆ ಹೋದರು. ಪಿರಿಯಾಪಟ್ಟಣದ ಮೋಟಾರಿನವನ ಕೈಲಿ ಗುಲ್ಜಾರ್ ಬೀಗೂ ಹೇಳಿಕಳಿಸಿದರು.

ಭಾನುವಾರ ಹೊತ್ತು ನೆತ್ತಿಗೇರುವಾಗ ಮೇಷ್ಟ್ರು ಕತ್ತಲಲ್ಲಿ ಕೂತಿದ್ದರು. ಎರಡು ಸಲ ಬಟ್ಟಿ ಇಳಿಸಿದ ಈಥರು ಗಾಳಿಯಷ್ಟು ತಿಳಿಯಾಗಿತ್ತು. ನೇರಳೆ ಬೆಳಕಿನ ಕೋಲು ಅದರೊಳಗೆ ಹೋಗಿ ಬಿದ್ದಿತ್ತು. ಕಣ್ಣು ಒಗ್ಗಿತ್ತು. ಮೇಷ್ಟ್ರು ಹಳದಿ ಗಾಜು ಎತ್ತಿಕೊಂಡರು.

"ಫಕ್ರೂ! ಬಾಗಿಲು ತೆಗಿ!"

ಮೇಷ್ಟ್ರು ಗಾಜನ್ನು ಕೆಳಗಿಟ್ಟು ಓಡಿದರು. ಆ ಹೆಸರಿನಿಂದ ಅವರನ್ನು ಕರೆಯುವವರು ಭೂಮಿಯ ಮೇಲೆ ಒಬ್ಬರೇ ಉಳಿದಿದ್ದರು. ಬಾಗಿಲಲ್ಲಿ ಬುರ್ಖಾ ತೊಟ್ಟ ಅಕ್ಕ, ಕಂಕುಳಲ್ಲಿ ಒಂದು ಬಟ್ಟೆಗಂಟು; ಹಿಂದೆ ಅಬ್ದುಲ್ ರಹಮಾನ್ ಸಾಹೇಬರು, ದಫೇದಾರ ಗಂಗಾಧರಪ್ಪ, ಅವರ ಹಿಂದೆ ಓಣಿಗೆ ಓಣಿಯೇ.

"ಆಪಾ!" ಮೇಷ್ಟ್ರು ಸಂತೋಷಕ್ಕೆ ಬಾಗಿಲನ್ನು ಪೂರ್ತಿ ತೆರೆದರು. "ನೀವೂ ನೋಡೋಕೆ ಬಂದ್ರಾ?"

"ನೋಡೋಕೇ ಬಂದೆ. ನಾನು ತೋರಿಸಿದ ಹುಡುಗಿ ಬೇಡ ಅಂದೆ. ಈಗ ಕದ್ದು ಮದುವೆ! ರೇಷ್ಮೆ ಸೀರೆ ತಂದಿದ್ದೀನಿ, ಅದನ್ನ ಅವಳಿಗೆ ಕೊಟ್ಟು ಆಮೇಲೆ ನಿನ್ನನ್ನ ಬೈತೀನಿ. ಎಲ್ಲಿ ಅಕ್ತರ್?"

"ಯಾವ ಅಕ್ತರ್?"

ಜನರ ನಡುವಿನಿಂದ ದೊಡ್ಡ ನಿಟ್ಟುಸಿರು ಹೊರಟಿತು. ಹೆಂಡತಿಯನ್ನೇ ಇಲ್ಲವೆನ್ನುತ್ತಾನೆ!

ದಫೇದಾರರು ಬಾಯಲ್ಲಿದ್ದ ಬೀಡಿಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಸಿದರು. "ನಾಟ್ಕ ಬುಡಿ ಮೇಷ್ಟ್ರೇ. ಮೈಸೂರಿಂದ ಎಣ್ಣು ತಂದು, ಕತ್ಲೆ ಕೋಣೇಲಿ ಕೂಡಾಕಿದ್ದೀರಿ, ಕೆಲ್ಸ ಮುಗುದ್ ಮೇಲೆ ವಾಪಸ್ ಕಳ್ಸ್ತೀನಿ ಅಂದಿದ್ದೀರಿ ಅಂತ ದೂರು ಬಂದದೆ. ಅದನ್ನ ಈಚೆಗೆ ಕರೀರಿ."

ಮೇಷ್ಟ್ರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಕಡೆಗೆ ಚಿಕ್ಕಸಿದ್ದಮ್ಮನ ಕಡೆ ತಿರುಗಿದರು. "ಹಾಗಾದರೆ ಅಮ್ಮಾ, ನೀವು ಕಳಿಸ್ತಿದ್ದ ಮುದ್ದೆ?"

"ಅದ್ಕೇ ಕಣಪ್ಪ ಕಳಿಸ್ತಿದ್ದದ್ದು, ಪಾಪ ಬ್ಯಾರೆ ಊರಿನ್ ಎಣ್ಣು ಅಂತ."

"ನನಗಲ್ಲವಾ?"

ಮುದುಕಿ ತಡವರಿಸಿದಳು. "ನಿಮ್ಗೂ ಸೇರ್ಸಿಯೇ ಅನ್ನಿ."

ಮೇಷ್ಟ್ರು ಮುದುಕಿಯನ್ನೇ ನೋಡುತ್ತಿದ್ದರು. ಆ ಒಂದೇ ಗಳಿಗೆಯಲ್ಲಿ ದಫೇದಾರರು ಬೀಡಿ ಸಮೇತ ಹೊಸ್ತಿಲು ದಾಟಿದರು.

ಇರುವೆ ಕಂಡರೆ ಪಕ್ಕಕ್ಕೆ ಸರಿದು ನಡೆಯುತ್ತಿದ್ದ ಮೇಷ್ಟ್ರು ಹಾರಿ ಹೋಗಿ ದಫೇದಾರರ ಬಾಯಿಂದ ಬೀಡಿ ಕಿತ್ತು, ಅಂಗೈಯಲ್ಲಿ ಹೊಸಕಿ, ಬೀದಿಗೆ ಎಸೆದರು. ಅಂಗೈ ಸುಟ್ಟ ವಾಸನೆ ಬಂತು. "ಬೆಂಕಿ ಬೇಡ! ಮನೆ ಹಾರಿಹೋಗುತ್ತೆ, ನೀವೂ ಹಾರಿಹೋಗ್ತೀರಿ!"

"ಸರ್ಕಾರದ ಮೇಲೆ ಕೈ ಮಾಡ್ತೀಯಾ?" ದಫೇದಾರರು ಅಬ್ಬರಿಸಿದರು. ಓಣಿಯ ಹೆಂಗಸರು ಮಾತ್ರ ಪರಸ್ಪರ ಮುಖ ನೋಡಿಕೊಂಡರು. ಹೆಂಡತಿಗಾಗಿ ಪೊಲೀಸರ ಮೇಲೇ ಬಿದ್ದ ಗಂಡ! ಅವರ ಗಂಡಂದಿರ ಸ್ಥಿತಿ ಇನ್ನಷ್ಟು ಕೆಟ್ಟಿತು.

ದಫೇದಾರರು ಒಳಕೋಣೆಗೆ ನುಗ್ಗಿದರು. ಕತ್ತಲಲ್ಲಿ ಬೂಟು ಬೋಗುಣಿಗೆ ತಗುಲಿತು. ಮೇಜು ಉರುಳಿತು. ಗಾಜು ಒಡೆಯಿತು. ಸಿಹಿಯಾದ, ತಣ್ಣನೆಯ ಒಂದು ವಾಸನೆ ಬಾಗಿಲವರೆಗೂ ಬಂತು.

"ಮಂಚದ ಕೆಳ್ಗೆ ಏನೋ ಉಳ್ಳಾಡ್ತು! ಸಿಕ್ತು ಕಣ್ರಪ್ಪ!" ಎಂದು ದಫೇದಾರರು ಕೂಗಿದ್ದು ಕೇಳಿಸಿತು. ಅವರು ಮಂಚದ ಕೆಳಗೆ ತೂರಿದರು. ಈಥರಿನ ಆವಿ ಗಾಳಿಗಿಂತ ಭಾರ, ಅದು ನೆಲದಲ್ಲೇ ಹರಡುತ್ತದೆ. ದಫೇದಾರರು ಅದರೊಳಗೇ ತಲೆಯಿಟ್ಟರು. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕಿಲಕಿಲ ನಗು. ಆಮೇಲೆ ಒಂದು ಸೋಬಾನೆ ಪದದ ಮೊದಲ ಸಾಲು, ತುಂಬ ಇಂಪಾಗಿ. ಆಮೇಲೆ ಗೊರಕೆ.

ಮೇಷ್ಟ್ರು ಉಸಿರು ಬಿಗಿಹಿಡಿದು ಒಳಗೆ ಹೋಗಿ, ಕಂಬಳಿಗಳನ್ನೆಲ್ಲ ಕಿತ್ತು, ಕಿಟಕಿಗಳನ್ನು ತೆರೆದರು. ಆ ಬೆಳಗ್ಗೆಯಷ್ಟೇ ಕಾಡಿನಿಂದ ಬಂದಿದ್ದ ಅಂಕಯ್ಯನೂ ಇನ್ನೊಬ್ಬನೂ ಮೂಗಿಗೆ ಬಟ್ಟೆ ಕಟ್ಟಿಕೊಂಡು, ದಫೇದಾರರ ಬೂಟು ಹಿಡಿದು ಜಗಲಿಗೆ ಎಳೆತಂದರು. ಕೋಣೆಯಲ್ಲಿ ಒಡೆದ ಸೀಸೆ, ಒಂದು ಮಂಚ, ಒಂದು ತಟ್ಟೆ, ಒಂದು ಲೋಟ ಬಿಟ್ಟರೆ ಏನೂ ಇರಲಿಲ್ಲ. ಮೇಷ್ಟ್ರು ಎಲ್ಲರೆದುರು ಕೈಮುಗಿದು, ಆಮ್ಲಜನಕ, ಅದರ ಎರಡು ತೋಳು, ಬೆಳಕು, ನಡುಕ ಎಲ್ಲವನ್ನೂ ಹೇಳಿದರು. ಜೀವಮಾನದಲ್ಲಿ ಮೊದಲ ಸಲ ಊರಿಗೆ ಊರೇ ಅವರ ಮಾತನ್ನು ಕೊನೆಯವರೆಗೆ ಕೇಳಿತು. ಜನ ಬಹುಮಟ್ಟಿಗೆ ನಂಬಿಯೂ ಬಿಡುತ್ತಿದ್ದರು.

ಅಷ್ಟರಲ್ಲಿ ದಫೇದಾರರಿಗೆ ಎಚ್ಚರವಾಯಿತು.

"ನೋಡ್ದೆ," ಎಂದರು ಅವರು, ಆಕಾಶ ನೋಡುತ್ತ. "ಬೆಳ್ಳಗಿತ್ತು. ತಣ್ಣಗೆ ಮೊಕದ ಮೇಲೆ ಕೈ ಆಡಿಸ್ತು. ನನ್ ಎಸರು ಹಿಡಿದು ಕರೀತು."

"ಅದು ಆವಿ!" ಎಂದರು ಮೇಷ್ಟ್ರು.

"ಅದೇ ಮತ್ತೆ. ಆವಿಯಾಗಿ ಓಯ್ತು."

ಸರ್ಕಾರವೇ ಕಣ್ಣಾರೆ ನೋಡಿದೆಯೆಂದ ಮೇಲೆ ಹೇಳುವುದೇನು? ಮೇಷ್ಟ್ರು ಕಟ್ಟಿಕೊಂಡದ್ದು ಮನುಷ್ಯರ ಹೆಣ್ಣಲ್ಲ, ಅದಕ್ಕೇ ಬಿಸಿಲಿಗೆ ಬರುತ್ತಿರಲಿಲ್ಲ ಎಂಬುದು ಅಲ್ಲೇ ತೀರ್ಮಾನವಾಯಿತು. ತಾಯಂದಿರು ಮಕ್ಕಳನ್ನು ಎತ್ತಿಕೊಂಡರು. ದಫೇದಾರರು ಬೀಡಿಯ ವಿಷಯ ಎತ್ತದೆ ಹೋದರು. ಜಗಲಿ ಖಾಲಿಯಾಯಿತು.

ಉಳಿದವಳು ಅಕ್ಕ. ಗಾಜಿನ ಚೂರು ಗುಡಿಸಿದಳು, ತಮ್ಮನ ಸುಟ್ಟ ಅಂಗೈಗೆ ಎಣ್ಣೆ ಹಚ್ಚಿದಳು. ಆ ಒಂದೇ ತಟ್ಟೆಯನ್ನು ಬಹಳ ಹೊತ್ತು ನೋಡಿದಳು.

"ಜನ ಬಂದಾಗ ಕೇಳಬಾರದಿತ್ತಾ, ಯಾಕೆ ಬಂದ್ರಿ ಅಂತ?"

"ಕೇಳಿದರೆ ಹೋಗಿಬಿಡ್ತಾರೆ ಅಂತ ಕೇಳಲಿಲ್ಲ ಆಪಾ."

ಅವಳು ಬೈಯಬೇಕೆಂದು ತಂದಿದ್ದ ಮಾತುಗಳನ್ನೆಲ್ಲ ಹಾಗೇ ಉಳಿಸಿಕೊಂಡು, ಮಾರನೆಯ ದಿನ ಸೀರೆಯ ಗಂಟಿನೊಡನೆ ಮೋಟಾರು ಹತ್ತಿದಳು. "ಹಬ್ಬಕ್ಕೆ ಬಾ. ಈ ಸಲ ಬರೀ ಊಟ, ಹೆಣ್ಣು ತೋರಿಸಲ್ಲ," ಎಂದಳು ಕಿಟಕಿಯಿಂದ.

ಮೇಷ್ಟ್ರು ಮೈಸೂರಿಗೆ ಹೋಗಿ ಎರಡು ಗಾಜನ್ನೂ ಹಿಂದಿರುಗಿಸಿದರು. ಮಹದೇವಯ್ಯನವರು ಪಾದರಸದ ದೀಪದ ಬೆಳಕಿನಲ್ಲಿ ತೆಗೆದ ತಮ್ಮ ಫೋಟೋ ಪ್ಲೇಟನ್ನು ತೋರಿಸಿದರು. ಕಪ್ಪು ಪಟ್ಟೆಯ ಪಕ್ಕದಲ್ಲಿ ಕೂದಲೆಳೆಯಂಥ ಗೆರೆಗಳು, ಒಂದು ಗಿಡ್ಡ ತೋಳಿನ ಈಥರಿನದು, ಒಂದು ಉದ್ದ ತೋಳಿನದು.

"ನಿಮ್ಮ ಹುಣಸೂರಿನಲ್ಲಿ ಯಾರಾದರೂ ಆಸಕ್ತಿ ತೋರಿಸಿದರೇ?" ಎಂದು ಕೇಳಿದರು.

"ಊರಿಗೆ ಊರೇ ತೋರಿಸಿತು," ಎಂದರು ಮೇಷ್ಟ್ರು.

ಊರಿಗೆ ಬಂದ ಮೇಲೆ ಯಾರೂ ಬರಲಿಲ್ಲ. ಮೊದಲು ದಾರಿಯಲ್ಲಿ ಬಿಸಿಲಿನ ಮಾತು ತೆಗೆಯದವರು ಈಗ ದಾರಿಯನ್ನೇ ಬಿಟ್ಟರು. ಹಾಲಿನವನು ಹಾಲನ್ನು ಹೊಸ್ತಿಲ ಬದಲು ಬೀದಿಯಂಚಿನ ಕಲ್ಲಿನ ಮೇಲೆ ಇಟ್ಟುಹೋಗತೊಡಗಿದ. ಪಕ್ಕದ ಮನೆಯಿಂದ ಅಡುಗೆ ಬರುವುದು ನಿಂತಿತ್ತು. ಗೋಡೆಯ ಹತ್ತಿರ ಹೋಗಬೇಡ ಎಂದು ಅಂಕಯ್ಯ ತಾಯಿಗೆ ಆಣೆ ಹಾಕಿಸಿ ಕಾಡಿಗೆ ಹೋಗಿದ್ದ. ಒಲೆ ಹಚ್ಚಲು ಈಗ ಅಡ್ಡಿಯಿರಲಿಲ್ಲ. ಮೇಷ್ಟ್ರು ಒಂದು ದಿನ ಹಚ್ಚಿದರು, ಮಾರನೆಯ ದಿನ ಹಚ್ಚಲಿಲ್ಲ.

ಮಳೆಗಾಲ ಹಿಡಿಯುವ ಮುಂಚೆ ಒಂದು ಸಂಜೆ, ಮೇಷ್ಟ್ರು ಕೋಟು ಹಾಕಿ, ಟೋಪಿ ಇಟ್ಟು, ಮನೆಗೆ ಬೀಗ ಹಾಕಿ, ದೂರದ ಊರಿಗೆ ಹೊರಟವರಂತೆ ಹೊರಟು, ಪಕ್ಕದ ಮನೆಯ ಬಾಗಿಲಿಗೆ ಹೋಗಿ ನಿಂತರು. ಇಷ್ಟು ವರ್ಷದಲ್ಲಿ ಅವರು ಆ ಬಾಗಿಲಿಗೆ ಹೋದದ್ದು ಅದೇ ಮೊದಲು.

"ಯಾರು?" ಎಂದಳು ಚಿಕ್ಕಸಿದ್ದಮ್ಮ ಒಳಗಿಂದ.

"ನಾನಮ್ಮ, ಮೇಷ್ಟ್ರು."

ಅಗುಳಿ ಸದ್ದು ಮಾಡಿ ಅರ್ಧಕ್ಕೇ ನಿಂತಿತು. "ಒಬ್ರೇನಾ?"

"ಒಬ್ಬನೇ."

ಬಾಗಿಲು ತೆರೆಯಿತು. ಮುದುಕಿ ಮೊದಲು ಅವರ ಬೆನ್ನ ಹಿಂದೆ ನೋಡಿದಳು, ಆಮೇಲೆ ಅವರನ್ನು ನೋಡಿದಳು. "ಏನಪ್ಪ ಇಂಗ್ ಸೊರಗೋಗಿದ್ದೀರಿ! ಗೋಡೆ ತಾವ ಓಗ್ಬ್ಯಾಡ ಅಂತ ಆಣೆ ಆಕ್ಸವ್ನೆ ನನ್ ಮಗ. ನೀವೇ ಬಂದ್ರೆ ಏನೂ ಅಂದಿಲ್ಲ. ಬನ್ನಿ, ಕುಂತ್ಕೊಳ್ಳಿ."

ಒಲೆಯ ಮುಂದೆ ಮಣೆ ಹಾಕಿದಳು. ಇಬ್ಬರೂ ಉಂಡರು. ಅವಳೂ ಎಷ್ಟೋ ದಿನದಿಂದ ಒಬ್ಬಳೇ ಉಣ್ಣುತ್ತಿದ್ದಳು. ಸಾರನ್ನು ಎರಡೆರಡು ಸಲ ಬಡಿಸಿದಳು. ಕೈ ತೊಳೆದ ಮೇಲೆ, ಬಹಳ ದಿನದಿಂದ ಕೇಳಬೇಕೆಂದಿದ್ದವಳ ಹಾಗೆ ಹತ್ತಿರ ಸರಿದು ಕೂತಳು.

"ಒಂದ್ ಮಾತ್ ಕೇಳ್ತೀನಿ, ಬ್ಯಾಸ್ರ ಮಾಡ್ಕೋಬ್ಯಾಡಿ. ಅದು ನೋಡಾಕೆ ಎಂಗಿತ್ತು?"

ಮೇಷ್ಟ್ರು ತಿದ್ದಲಿಲ್ಲ. ಒಲೆಯಿಂದ ಈಚೆ ಬಂದಿದ್ದ ಕೊಳ್ಳಿಯೊಂದನ್ನು ಒಳಕ್ಕೆ ಸರಿಸಿದರು.

"ನಾನು ನೋಡಲೇ ಇಲ್ಲಮ್ಮ," ಎಂದರು. "ಇನ್ನೇನು ನೋಡಬೇಕು ಅನ್ನೋ ಹೊತ್ತಿಗೆ ಯಾರಾದರೂ ಬಂದು ಕರೆದುಬಿಡೋರು."

"ಅಯ್ಯೋ!" ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡಳು. "ನಾನೂ ದಿನಾ ಬಂದು ಕರೀತಿದ್ನಲ್ಲಪ್ಪ!"

"ಬರ್ತಿದ್ರಿ."

"ತಪ್ಪಾಯ್ತು ಕಣಪ್ಪ, ಗೊತ್ತಾಗ್ನಿಲ್ಲ."

"ಇಲ್ಲಮ್ಮ," ಎಂದರು ಮೇಷ್ಟ್ರು. "ನಾಳೇನೂ ಕರೀರಿ."